ಕಿರಿದಾದ ನಳಿಕೆ: ಬಲೂನು ಹಾಕಬೇಕಿತ್ತಾ, ಕಾಯಬೇಕಿತ್ತಾ?

ಹುಟ್ಟಿನಿಂದಲೇ ಹೃದಯದ ತೊಂದರೆಯಿದ್ದ ನಾಲ್ಕು ಮಕ್ಕಳಿಗೆ ಎದೆಯೊಳಗೆ, ರಕ್ತ ಹರಿಯಲು ಅಂತ, ಒಂದೊಂದು ಕರಗುವ ನಳಿಕೆ ಹೊಲಿದರು. ಆರು ತಿಂಗಳಾಗುವುದರೊಳಗೆ ಮೂವರಲ್ಲಿ ಆ ನಳಿಕೆ ತೀರಾ ಕಿರಿದಾಯಿತು. ಡಾಕ್ಟರುಗಳು ಸಿರೆಯೊಳಗಿನಿಂದ ಬಲೂನು ಕಳಿಸಿ ಅದನ್ನು ಅಗಲ ಮಾಡಿದರು. ಚಿಕಿತ್ಸೆ ಫಲಿಸಿತು. ಆದರೆ ಪ್ರಯೋಗ ಅಲ್ಲಿಗೇ ನಿಂತಿತು.

ಇದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 2011ರಲ್ಲಿ ಶುರುವಾದ ಪ್ರಯೋಗ. ಮುಂದಾಳು ಮಕ್ಕಳ ಸರ್ಜನ್ ಕ್ರಿಸ್ಟೋಫರ್ ಬ್ರೂಯರ್. ಆಮೇಲೆ ಅವರು ಒಹಾಯೊದ ಕೊಲಂಬಸ್ ಊರಿನ ನೇಷನ್‌ವೈಡ್ ಚಿಲ್ಡ್ರನ್ಸ್ ಆಸ್ಪತ್ರೆಗೆ ಹೋದರು, ಕೆಲಸವೂ ಅವರ ಜೊತೆ ಹೋಯಿತು. ಔಷಧಿ, ಚಿಕಿತ್ಸೆಯ ಸಾಧನಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎಯ ಅನುಮತಿ ಪಡೆದು, ಎಲ್ಲ ಕಾಗದಪತ್ರ ಸರಿ ಮಾಡಿಕೊಂಡು ಮಾಡಿದ ಪ್ರಯೋಗ ಅದು. ವಿಚಿತ್ರ ಅಂದ್ರೆ, ಹೆಚ್ಚುಕಮ್ಮಿ ಇದೇ ಥರದ ನಳಿಕೆಯನ್ನು ಜಪಾನಿನಲ್ಲಿ ಅದಾಗಲೇ 25 ಮಂದಿಗೆ ಹಾಕಿದ್ದರು. ಅಲ್ಲಿ ವರ್ಷಗಟ್ಟಲೆ ಚೆನ್ನಾಗಿತ್ತು.

ಹಾಗಾದ್ರೆ ಇಲ್ಲೇನಾಯ್ತು? ಸರಿಯಾದ ಉತ್ತರ ಪ್ರಕಟವಾಗಲು 2020 ಬರಬೇಕಾಯಿತು. ಆ ಉತ್ತರವನ್ನು ಮೊದಲು ಹೇಳಿದ್ದು ಒಂದು ಕಂಪ್ಯೂಟರ್ ಲೆಕ್ಕ, ಆಮೇಲೆ ಹೌದು ಅಂದಿದ್ದು ಕುರಿಗಳು.

ಒಂದೇ ಪಂಪಿನ ಹೃದಯ

ಮೊದಲು ಮಕ್ಕಳ ತೊಂದರೆ ಏನು ಅಂತ ನೋಡೋಣ. ಹೃದಯದ ಕೆಳಭಾಗದಲ್ಲಿ ಎರಡು ಪಂಪು ಇರುತ್ತವೆ. ಬಲಗಡೆಯದು ರಕ್ತವನ್ನು ಶ್ವಾಸಕೋಶಕ್ಕೆ ತಳ್ಳುತ್ತದೆ, ಎಡಗಡೆಯದು ಇಡೀ ಮೈಗೆ ತಳ್ಳುತ್ತದೆ. ಕೆಲವು ಮಕ್ಕಳು ಹುಟ್ಟುವಾಗಲೇ ಕೆಲಸಕ್ಕೆ ಬರುವ ಒಂದೇ ಪಂಪು ಇಟ್ಟುಕೊಂಡು ಬರುತ್ತವೆ. ಆಕ್ಸಿಜನ್ ಇರುವ ರಕ್ತ, ಇಲ್ಲದ ರಕ್ತ ಎರಡೂ ಬೆರೆತುಹೋಗುತ್ತವೆ. ಮಗುವಿನ ತುಟಿ, ಉಗುರು ನೀಲಿಗಟ್ಟುತ್ತದೆ.

ಇಲ್ಲದ ಪಂಪನ್ನು ತಂದು ಕೂರಿಸಲು ಆಗುವುದಿಲ್ಲ. ಆದ್ದರಿಂದ ಇರುವ ಒಂದನ್ನು ಮೈಗೆ ರಕ್ತ ಕಳಿಸಲು ಬಿಟ್ಟುಬಿಡುತ್ತಾರೆ. ಮೈಯಿಂದ ವಾಪಸು ಬರುವ ರಕ್ತವನ್ನು ಹೃದಯಕ್ಕೆ ಬಿಡದೆ ನೇರವಾಗಿ ಶ್ವಾಸಕೋಶದ ನಾಳಕ್ಕೆ ಜೋಡಿಸುತ್ತಾರೆ. ಪಂಪಿಲ್ಲದೆ, ಬರೀ ಹರಿವಿನ ಮೇಲೆ ರಕ್ತ ಸಾಗುತ್ತದೆ. ಫ್ರಾನ್ಸಿನ ಬೋರ್ಡೋ ಊರಿನ ಫ್ರಾನ್ಸಿಸ್ ಫೊಂಟಾನ್ 1968ರಲ್ಲಿ ಇದರ ಮೊದಲ ರೂಪ ಮಾಡಿ, 1971ರಲ್ಲಿ ಪ್ರಕಟಿಸಿದರು. ಅದಕ್ಕೇ ಇವತ್ತಿಗೂ ಫೊಂಟಾನ್ ಆಪರೇಷನ್ ಅಂತಲೇ ಹೆಸರು.

ಈಗಿನ ಕ್ರಮದಲ್ಲಿ ಕೆಳಗಿನ ಮಹಾಸಿರೆ ಮತ್ತು ಶ್ವಾಸಕೋಶದ ನಾಳದ ನಡುವೆ ಒಂದು ನಳಿಕೆ ಹಾಕುವುದು ಸಾಮಾನ್ಯ. ಮೈಯ ಕೆಳ ಅರ್ಧದ ರಕ್ತವೆಲ್ಲ ಅದರೊಳಗೇ ಮೇಲೆ ಹೋಗಬೇಕು. ನಳಿಕೆ ಗೋರ್‌ಟೆಕ್ಸ್‌ನದು. ನಾನ್‌ಸ್ಟಿಕ್ ತವಾದ ಮೇಲಿನ ಲೇಪ ಇದೆಯಲ್ಲ, ಅದೇ ಜಾತಿಯ ವಸ್ತುವನ್ನು ಎಳೆದು ಸಣ್ಣ ಸಣ್ಣ ತೂತು ಬರುವ ಹಾಗೆ ಮಾಡಿದ್ದು. ಗಟ್ಟಿ, ನಂಬಬಹುದು. ಬೆಂಗಳೂರಿನಲ್ಲಿ ಈ ಆಪರೇಷನ್ ಆಗುವ ಮಕ್ಕಳಿಗೂ ಅದೇ ಬಗೆಯ ನಳಿಕೆ.

ತೊಂದರೆ ಒಂದೇ. ಅದು ಬೆಳೆಯುವುದಿಲ್ಲ. ಆಪರೇಷನ್ ಆಗುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕು ವರ್ಷದ ಮಗುವಿಗೆ. ಮಗು ಆರಡಿ ಆಳಾಗಿ ಬೆಳೆದರೂ ನಳಿಕೆ ಅಷ್ಟೇ ಇರುತ್ತದೆ. ಸಣ್ಣದು ಹಾಕಿದರೆ ಮುಂದೆ ಸಾಲುವುದಿಲ್ಲ. ಮುಂದಕ್ಕೆ ಆಗಲಿ ಅಂತ ದೊಡ್ಡದು ಹಾಕಿದರೆ ಈಗ ರಕ್ತ ನಿಧಾನವಾಗಿ ಸುತ್ತಾಡಿ ಹೆಪ್ಪುಗಟ್ಟುತ್ತದೆ. ಶಾಲೆಗೆ ಸೇರುವ ಮಗುವಿಗೆ ಬೆಳೆಯೋ ಕೂಸು ಅಂತ ದೊಗಲೆ ಯೂನಿಫಾರ್ಮ್ ಹೊಲಿಸುತ್ತೇವಲ್ಲ, ಅದು ಇಲ್ಲಿ ನಡೆಯುವುದಿಲ್ಲ. ಸರ್ಜನ್ನುಗಳು ಸುಮಾರು 18ರಿಂದ 20 ಮಿಲಿಮೀಟರ್ ಅಂತ ರಾಜಿ ಮಾಡಿಕೊಳ್ಳುತ್ತಾರೆ. ಆ ಅಳತೆ ಹಿಡಿಸುವಷ್ಟು ಮಗು ಬೆಳೆಯಲಿ ಅಂತ ಆಪರೇಷನ್ನನ್ನೇ ಮುಂದಕ್ಕೆ ಹಾಕುವುದೂ ಉಂಟು.

ಕರಗುವ ನಳಿಕೆಯ ಆಸೆ ಹುಟ್ಟಿದ್ದು ಇಲ್ಲಿಂದ. ಮೊದಲು ಒಂದು ಹಂದರ ಹಾಕು. ಅದರ ಮೇಲೆ ಮಗುವಿನದೇ ಜೀವಕೋಶ ಹಬ್ಬಿ ಗೋಡೆ ಕಟ್ಟಲಿ. ಆಮೇಲೆ ಹಂದರ ತಾನಾಗಿ ಕರಗಿಹೋಗಲಿ. ಉಳಿಯುವುದು ಮಗುವಿನ ಸ್ವಂತ ನಾಳ, ಅದು ಮಗುವಿನ ಜೊತೆಗೇ ಬೆಳೆಯುತ್ತದೆ.

ಟೋಕಿಯೊದ ಹುಡುಗಿ

ಬ್ರೂಯರ್ ಜೊತೆ 1990ರ ದಶಕದಲ್ಲಿ ಬಾಸ್ಟನ್‌ನಲ್ಲಿ ಒಬ್ಬ ಜಪಾನಿ ಸರ್ಜನ್ ಕೆಲಸ ಮಾಡುತ್ತಿದ್ದರು. ಹೆಸರು ತೋಷಿಹಾರು ಶಿನೋಕಾ. ಕುರಿಮರಿಗಳ ಹೃದಯದ ಕವಾಟದ ಒಂದು ಎಸಳನ್ನು ಕರಗುವ ಪಾಲಿಮರ್ ಮೇಲೆ ಜೀವಕೋಶ ಬೆಳೆಸಿ ಮಾಡಿದ ತಂಡದಲ್ಲಿ ಇಬ್ಬರೂ ಇದ್ದರು. 1995ರಲ್ಲಿ ಆ ಕೆಲಸ ಪ್ರಕಟವಾಯಿತು. ಆಮೇಲೆ ಶಿನೋಕಾ ಟೋಕಿಯೊ ಮಹಿಳಾ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಇದನ್ನು ಮನುಷ್ಯರವರೆಗೆ ತಂದರು.

ಮೊದಲ ರೋಗಿ ನಾಲ್ಕು ವರ್ಷದ ಹುಡುಗಿ. ಒಂದೇ ಪಂಪಿನ ಹೃದಯ. ಮೂರು ವರ್ಷ ಮೂರು ತಿಂಗಳಿಗೇ ಫೊಂಟಾನ್ ಆಗಿತ್ತು. ಆದರೆ ಬಲ ಶ್ವಾಸಕೋಶಕ್ಕೆ ಹೋಗುವ ನಾಳದ ಒಂದು ಭಾಗ ಪೂರ್ತಿ ಮುಚ್ಚಿಕೊಂಡಿತ್ತು. ಅವಳ ಮೈಯಿಂದಲೇ ಸುಮಾರು ಎರಡು ಸೆಂಟಿಮೀಟರ್ ಸಿರೆ ತೆಗೆದರು. ಅದರ ಗೋಡೆಯ ಜೀವಕೋಶಗಳನ್ನು ಲ್ಯಾಬಿನಲ್ಲಿ ಎಂಟು ವಾರ ಬೆಳೆಸಿದರು. ಆಮೇಲೆ ಅವನ್ನು ಒಂದು ನಳಿಕೆಗೆ ಬಿತ್ತಿದರು. ನಳಿಕೆಯ ಅಡ್ಡಳತೆ 10 ಮಿಲಿಮೀಟರ್, ಉದ್ದ 20 ಮಿಲಿಮೀಟರ್, ಗೋಡೆಯ ದಪ್ಪ 1 ಮಿಲಿಮೀಟರ್. ನಮ್ಮ ಕಿರುಬೆರಳಿನ ಒಂದು ಗೆಣ್ಣಿನಷ್ಟು ಅಂತ ಇಟ್ಟುಕೊಳ್ಳಿ. ಬಿತ್ತಿದ ಹತ್ತು ದಿನಕ್ಕೆ ಮುಚ್ಚಿದ ಜಾಗಕ್ಕೆ ಅದನ್ನು ಹೊಲಿದರು. ಏಳು ತಿಂಗಳ ಬಳಿಕವೂ ಅದು ಮುಚ್ಚಿಕೊಂಡ ಇಲ್ಲವೇ ಉಬ್ಬಿದ ಗುರುತು ಕಾಣಲಿಲ್ಲ. 2001ರಲ್ಲಿ ಒಂದು ಪುಟ್ಟ ವರದಿಯಾಗಿ ಇದು ಬಂತು.

ಒಂದು ಮಗುವಿಗೆ ಎರಡು ತಿಂಗಳು ಜೀವಕೋಶ ಬೆಳೆಸುವುದು ಸುಲಭದ ಮಾತಲ್ಲ. ಅಷ್ಟು ದಿನ ಕಾಯಬೇಕು, ಸೋಂಕು ತಗಲದ ಹಾಗೆ ನೋಡಿಕೊಳ್ಳಬೇಕು. ಆದ್ದರಿಂದ ಶಿನೋಕಾ ದಾರಿ ಬದಲಿಸಿದರು. ಆಪರೇಷನ್ ದಿನವೇ ಮಗುವಿನ ಎಲುಬಿನ ಮಜ್ಜೆ ತೆಗೆದು, ಅದರಿಂದ ಬೇಕಾದ ಜೀವಕೋಶ ಬೇರ್ಪಡಿಸಿ, ನಳಿಕೆಗೆ ಬಿತ್ತಿ, ಅವತ್ತೇ ಹೊಲಿಯುವುದು. ಹೀಗೆ ಫೊಂಟಾನ್ ನಳಿಕೆ ಹಾಕಿಸಿಕೊಂಡ 25 ಮಂದಿಯ ಬಗ್ಗೆ 2010ರಲ್ಲಿ ದೊಡ್ಡ ವರದಿ ಬಂತು. ಅವರ ವಯಸ್ಸಿನ ನಡುಬಿಂದು ಐದೂವರೆ ವರ್ಷ. ಸರಾಸರಿ 5.8 ವರ್ಷ ಗಮನಿಸಿದ್ದರು. ನಳಿಕೆಯಿಂದಾಗಿ ಒಬ್ಬರೂ ಸತ್ತಿರಲಿಲ್ಲ. ನಳಿಕೆ ಒಡೆದಿರಲಿಲ್ಲ, ಉಬ್ಬಿರಲಿಲ್ಲ, ಸುಣ್ಣ ಕಟ್ಟಿರಲಿಲ್ಲ. ನಾಲ್ವರಲ್ಲಿ ಕಿರಿದಾಗಿತ್ತು, ಬಲೂನಿನಿಂದ ಸರಿಹೋಗಿತ್ತು.

ಈ "ನಾಲ್ವರಲ್ಲಿ" ಅನ್ನೋದನ್ನು ನೆನಪಿಟ್ಟುಕೊಳ್ಳಿ. 25ರಲ್ಲಿ 4.

ನಳಿಕೆ ಮಾಡಿದ್ದು ಯಾರು

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಅಮೆರಿಕದ ಪ್ರಯೋಗಕ್ಕೆ ಬೇಕಾದ ಹಂದರ ಮಾಡಿಕೊಟ್ಟಿದ್ದು ಜಪಾನಿನ ಗುಂಜೆ ಅನ್ನುವ ಕಂಪನಿ. 1896ರಲ್ಲಿ ಕ್ಯೋಟೊ ಸೀಮೆಯ ಅಯಾಬೆ ಊರಿನಲ್ಲಿ ಅದು ಶುರುವಾದದ್ದು ರೇಷ್ಮೆ ನೂಲು ತೆಗೆಯಲು. ನಮ್ಮ ಶಿಡ್ಲಘಟ್ಟ, ರಾಮನಗರದವರಿಗೆ ತೀರಾ ಪರಿಚಯದ ಕಸುಬು. ಇವತ್ತಿಗೂ ಜಪಾನಿನವರಿಗೆ ಗುಂಜೆ ಅಂದ್ರೆ ಬನಿಯನ್ನು, ಕಾಲುಚೀಲ. ಅದೇ ಮನೆತನದ ಇನ್ನೊಂದು ಕವಲು ಆಪರೇಷನ್‌ಗೆ ಬೇಕಾದ ಕರಗುವ ದಾರ ಮಾಡುತ್ತದೆ. ಎಳೆ ತೆಗೆಯುವುದು, ಹೆಣೆಯುವುದು ಗೊತ್ತಿದ್ದವರ ಕೈಗೇ ರಕ್ತನಾಳದ ಹಂದರವೂ ಬಂತು, ಸಹಜ ಅಲ್ವಾ?

ಎಳೆ ಪಾಲಿಗ್ಲೈಕಾಲಿಕ್ ಆಸಿಡ್‌ನದು, ಚಿಕ್ಕದಾಗಿ ಪಿಜಿಎ. ಆಪರೇಷನ್ ಆದವರು "ಹೊಲಿಗೆ ಬಿಚ್ಚಿಸಬೇಕಾಗಿಲ್ಲ, ಕರಗೋ ದಾರ ಹಾಕಿದಾರೆ" ಅಂತ ಹೇಳೋದು ಕೇಳಿರಬಹುದು. ಕೃತಕವಾಗಿ ಮಾಡಿದ ಕರಗುವ ದಾರಗಳಲ್ಲಿ ಮೊದಲನೆಯದು ಪಿಜಿಎಯದೇ. ಮೈಯೊಳಗಿನ ನೀರೇ ಅದರ ಸರಪಳಿಯನ್ನು ತುಂಡು ತುಂಡು ಮಾಡುತ್ತದೆ. ಕೆಲವೇ ವಾರಗಳಲ್ಲಿ ಬಲ ಹೋಗುತ್ತದೆ. ಅಷ್ಟು ಬೇಗ ಬಲ ಹೋದರೆ ನಳಿಕೆ ಕುಸಿಯುತ್ತದೆ ಅಂತ ಅದರ ಮೇಲೆ ಇನ್ನೊಂದು ನಿಧಾನವಾಗಿ ಕರಗುವ ಪಾಲಿಮರ್ ಬಳಿಯುತ್ತಾರೆ. ಅದು ಲ್ಯಾಕ್ಟಿಕ್ ಆಸಿಡ್ ಮತ್ತು ಕ್ಯಾಪ್ರೊಲ್ಯಾಕ್ಟೋನ್ ಎರಡೂ ಸೇರಿದ್ದು, ರಬ್ಬರಿನ ಹಾಗೆ ಬಾಗುತ್ತದೆ. ನೋಡೋಕೆ ಬಿಳಿ ಸ್ಪಾಂಜಿನ ಕೊಳವೆ.

ಈ ನಳಿಕೆಯ ಎಳೆಗಳು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಲೆಕ್ಕದವು, ಅದಕ್ಕಿಂತ ಸಣ್ಣ ನ್ಯಾನೋ ಎಳೆಗಳಲ್ಲ. ನ್ಯಾನೋ ಎಳೆಯ ಹಂದರ ಆಮೇಲೆ ಬಂತು, ಅಲ್ಲಿಗೆ ಬರುತ್ತೇನೆ.

ಬಿತ್ತಿದ ಜೀವಕೋಶ ಎಲ್ಲಿಗೆ ಹೋಯಿತು?

ಎಲ್ಲರೂ ಅಂದುಕೊಂಡಿದ್ದು ಇಷ್ಟು: ಬಿತ್ತಿದ ಬೀಜ ಮೊಳೆಯುತ್ತದೆ. ಮಜ್ಜೆಯ ಜೀವಕೋಶಗಳೇ ಬದಲಾಗಿ ನಾಳದ ಗೋಡೆಯಾಗುತ್ತವೆ. ಹೇಳಲು ಚೆಂದ, ನಂಬಲು ಸುಲಭ.

ಬ್ರೂಯರ್ ತಂಡ ಇದನ್ನು ಇಲಿಗಳಲ್ಲಿ ಪರೀಕ್ಷಿಸಿತು. ಒಂದು ಮಿಲಿಮೀಟರಿಗಿಂತ ಕಮ್ಮಿ ಅಡ್ಡಳತೆಯ ಪುಟ್ಟ ನಳಿಕೆಗಳನ್ನು ಮಾಡಿ, ಮನುಷ್ಯರ ಮಜ್ಜೆಯ ಜೀವಕೋಶ ಬಿತ್ತಿ, ರೋಗನಿರೋಧಕ ಶಕ್ತಿ ಇಲ್ಲದ ಇಲಿಗಳಿಗೆ ಹಾಕಿದರು. ಮನುಷ್ಯರ ಜೀವಕೋಶವನ್ನು ಇಲಿಯದರಿಂದ ಗುರುತು ಹಿಡಿಯಬಹುದು ಅನ್ನೋದೇ ಇದರ ಉಪಾಯ. ಕೆಲವೇ ದಿನಗಳಲ್ಲಿ ಮನುಷ್ಯರ ಜೀವಕೋಶಗಳು ನಾಪತ್ತೆ. ಆದರೂ ನಾಳ ಕಟ್ಟಿಕೊಂಡಿತ್ತು. ಗೋಡೆ ಪೂರ್ತಿ ಇಲಿಯದೇ.

2010ರಲ್ಲಿ ಪ್ರಕಟವಾದ ಈ ಕೆಲಸ ಇಡೀ ಕ್ಷೇತ್ರದ ತಿಳುವಳಿಕೆಯನ್ನೇ ತಿರುಗಿಸಿತು. ಬಿತ್ತಿದ ಜೀವಕೋಶಗಳು ಬೀಜವಾಗಿರಲಿಲ್ಲ, ಕೂಗಿ ಕರೆಯುವವರಾಗಿದ್ದವು. ಅವು ಒಂದು ರಾಸಾಯನಿಕ ಸಂಕೇತ ಬಿಡುತ್ತವೆ. ಅದನ್ನು ಹಿಡಿದು ರಕ್ತದಲ್ಲಿರುವ ಮಾನೋಸೈಟ್‌ಗಳು ಹಂದರಕ್ಕೆ ಬರುತ್ತವೆ, ಮ್ಯಾಕ್ರೋಫೇಜ್‌ಗಳಾಗುತ್ತವೆ. ಇವು ಗಾಯವಾದಲ್ಲಿಗೆ ಓಡಿಬರುವ, ಹೊರಗಿನ ವಸ್ತುವನ್ನು ತಿನ್ನುವ ಜೀವಕೋಶಗಳು. ಅವುಗಳ ಬೆನ್ನಿಗೇ ಅಕ್ಕಪಕ್ಕದ ಸಿರೆಯ ಗೋಡೆಯಿಂದ ಒಳಪದರದ ಕೋಶಗಳು, ಸ್ನಾಯುಕೋಶಗಳು ಹಂದರದ ಮೇಲೆ ಹಬ್ಬುತ್ತವೆ.

ಅಂದರೆ ನಾಳ ಕಟ್ಟಿದ ಮೇಸ್ತ್ರಿ ಉರಿಯೂತ. ಗಾಯವಾದಾಗ ಊದಿಕೊಂಡು ಕೆಂಪಾಗುತ್ತದಲ್ಲ, ನಾವು ಮಾತ್ರೆ ನುಂಗಿ ತಗ್ಗಿಸಲು ನೋಡುತ್ತೇವಲ್ಲ, ಅದೇ. ಮ್ಯಾಕ್ರೋಫೇಜ್ ಬಾರದ ಹಾಗೆ ತಡೆದ ಇಲಿಗಳಲ್ಲಿ ನಳಿಕೆ ಕಿರಿದಾಗಲಿಲ್ಲ ನಿಜ, ಆದರೆ ನಾಳವೂ ಕಟ್ಟಲಿಲ್ಲ. ಜಾಸ್ತಿ ಬಂದರೆ ಗೋಡೆ ಒಳಗೆ ದಪ್ಪವಾಗಿ ದಾರಿ ಕಟ್ಟುತ್ತದೆ. ಬರದೇ ಇದ್ದರೆ ಬರೀ ಖಾಲಿ ಹಂದರ. ಹದ ಬೇಕು.

ಅಮೆರಿಕದ ಮೊದಲ ಮಗುವಿಗೆ ನಳಿಕೆ ಹಾಕುವ ಹೊತ್ತಿಗೆ ಇಷ್ಟು ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಒಂದೇ: ಈ ದಪ್ಪವಾಗುವುದು ಎಲ್ಲಿಗೆ ಹೋಗಿ ನಿಲ್ಲುತ್ತದೆ?

ಮೂರು ಬಲೂನು

ಈಗ ಮೊದಲಿನ ಮಕ್ಕಳ ಬಳಿಗೆ ಬರೋಣ. ಎಫ್‌ಡಿಎ ಪ್ರಯೋಗ ಅಂದ ಮೇಲೆ ಕಟ್ಟುನಿಟ್ಟು ಜಾಸ್ತಿ. ಸ್ಕ್ಯಾನು ಇಷ್ಟು ದಿನಕ್ಕೊಂದು ಅಂತ ನಿಗದಿ. ಆ ಸ್ಕ್ಯಾನುಗಳಲ್ಲಿ ನಳಿಕೆ ಕಿರಿದಾಗಿದ್ದು ಕಂಡಿತು. ಕೆಳ ಮೈಯ ರಕ್ತವೆಲ್ಲ ಅದರಲ್ಲೇ ಹೋಗಬೇಕು. ಅಲ್ಲಿ ಕಟ್ಟಿಕೊಂಡರೆ ಹಿಂದೆ ಒತ್ತಡ ಏರಿ ಪಿತ್ತಜನಕಾಂಗ ಊದುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಮುಂದೆ ಪಂಪು ಇಲ್ಲದ ಈ ವ್ಯವಸ್ಥೆಯಲ್ಲಿ ಒತ್ತಡ ಇರುವುದೇ ಹತ್ತು ಹದಿನೈದು ಮಿಲಿಮೀಟರ್ ಪಾದರಸದಷ್ಟು. ನಮ್ಮ ಕೈಗೆ ಪಟ್ಟಿ ಕಟ್ಟಿ ನೋಡುವ ಬಿಪಿ 120 ಇರುತ್ತದೆ. ಇಷ್ಟು ಸಣ್ಣ ಒತ್ತಡದಲ್ಲಿ ಹರಿಯುವ ರಕ್ತಕ್ಕೆ ಸಣ್ಣ ಅಡ್ಡಿಯೂ ದೊಡ್ಡದೇ.

ಹಾಗಾಗಿ ಬಲೂನು ಹಾಕಿದರು. ನನ್ನನ್ನು ಕೇಳಿದರೆ, ಅವತ್ತಿನ ತಿಳುವಳಿಕೆಯಲ್ಲಿ ಬೇರೆ ಯಾವ ಡಾಕ್ಟರೂ ಬೇರೆ ಏನೂ ಮಾಡುತ್ತಿರಲಿಲ್ಲ. ಎದುರಿಗೆ ಮಗು ಮಲಗಿದೆ, ಪರದೆಯಲ್ಲಿ ನಳಿಕೆ ನೂಲಿನಷ್ಟಾಗಿದೆ. "ಇರಲಿ, ಕಾಯೋಣ, ತಾನೇ ತೆರೆದುಕೊಳ್ಳಬಹುದು" ಅಂತ ಯಾರು ಹೇಳುತ್ತಾರೆ? ಹಾಗೆ ಹೇಳಲು ಒಂದು ಕಾರಣವಾದರೂ ಬೇಕಲ್ಲ.

ಜಪಾನಿನಲ್ಲಿ 25ರಲ್ಲಿ 4, ಇಲ್ಲಿ 4ರಲ್ಲಿ 3. ಮೇಲುನೋಟಕ್ಕೆ ಅಮೆರಿಕದಲ್ಲಿ ಏನೋ ಕೆಟ್ಟುಹೋಗಿದೆ ಅನಿಸುತ್ತದೆ. ಆದರೆ ನಾಲ್ಕು ಅನ್ನೋದು ತೀರಾ ಸಣ್ಣ ಸಂಖ್ಯೆ. ಇನ್ನೊಂದು ಅನುಮಾನವೂ ನನಗಿದೆ. ಆಗಾಗ ಇಣುಕಿ ನೋಡಿದರೆ ಜಾಸ್ತಿ ಕಾಣುತ್ತದೆ. ಮೊದಲ ತಿಂಗಳುಗಳಲ್ಲಿ ಅಷ್ಟು ಹತ್ತಿರ ಹತ್ತಿರ ನೋಡದೆ ಇದ್ದಲ್ಲಿ, ಕಿರಿದಾಗಿ ಮತ್ತೆ ತೆರೆದುಕೊಂಡ ನಳಿಕೆ ಯಾರ ಕಣ್ಣಿಗೂ ಬೀಳದೆ ಹೋಗಿರಬಹುದು.

ಲೆಕ್ಕ ಹೇಳಿದ್ದು

ಯೇಲ್‌ನಲ್ಲಿ ಜೇ ಹಂಫ್ರಿ ಅಂತ ಒಬ್ಬ ಎಂಜಿನಿಯರ್ ಇದ್ದಾರೆ. ರಕ್ತನಾಳದ ಗೋಡೆ ಹೇಗೆ ಬೆಳೆಯುತ್ತದೆ, ಒತ್ತಡಕ್ಕೆ ಹೇಗೆ ಬದಲಾಗುತ್ತದೆ ಅನ್ನೋದನ್ನು ಗಣಿತದಲ್ಲಿ ಹಿಡಿಯುವುದು ಅವರ ಕೆಲಸ. ಬ್ರೂಯರ್ ತಂಡ ಅವರ ಜೊತೆ ಸೇರಿ, ಇಲ್ಲಿಯವರೆಗೆ ಸಿಕ್ಕ ಮಾಹಿತಿಯನ್ನೆಲ್ಲ ಒಂದು ಕಂಪ್ಯೂಟರ್ ಮಾದರಿಗೆ ತುಂಬಿತು. ಪಾಲಿಮರ್ ಎಷ್ಟು ಬೇಗ ಕರಗುತ್ತದೆ, ಉರಿಯೂತ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ, ಜೀವಕೋಶಗಳು ಎಷ್ಟು ಕೊಲಾಜನ್ (ನಾಳದ ಗೋಡೆಗೆ ಬಲ ಕೊಡುವ ಎಳೆ) ಹಾಕುತ್ತವೆ, ಎಷ್ಟು ತೆಗೆಯುತ್ತವೆ. ಇದನ್ನೆಲ್ಲ ಹಾಕಿ ದಿನ ಮುಂದಕ್ಕೆ ಓಡಿಸಿದರು.

ಮಾದರಿಯಲ್ಲೂ ನಳಿಕೆ ಮೊದಲ ತಿಂಗಳುಗಳಲ್ಲಿ ಕಿರಿದಾಯಿತು. ಮಕ್ಕಳಲ್ಲಿ ಆದ ಹಾಗೇ. ಅಲ್ಲಿಗೇ ನಿಲ್ಲಿಸದೆ ಇನ್ನೂ ಮುಂದಕ್ಕೆ ಓಡಿಸಿದರು. ನಳಿಕೆ ತಾನಾಗಿ ಅಗಲವಾಗತೊಡಗಿತು.

ಯಾಕೆ? ಇದನ್ನು ಮನೆ ಕಟ್ಟುವ ಉದಾಹರಣೆಯಲ್ಲಿ ಹೇಳುತ್ತೇನೆ. ಆರ್‌ಸಿಸಿ ಹಾಕಿದ ಮೇಲೆ ಕೆಳಗೆ ಸೆಂಟ್ರಿಂಗ್ ಇರುವ ತನಕ ಚಾವಣಿಯ ಭಾರ ಚಾವಣಿಗೆ ಗೊತ್ತಾಗುವುದಿಲ್ಲ. ಹಲಗೆ, ಮರದ ಕಂಬ ಹೊತ್ತುಕೊಂಡಿರುತ್ತವೆ. ಕರಗುವ ನಳಿಕೆಯಲ್ಲೂ ಹಾಗೇ. ಪಾಲಿಮರ್ ಗಟ್ಟಿಯಾಗಿರುವ ತನಕ ರಕ್ತದ ಒತ್ತಡವನ್ನು ಅದೇ ಹೊರುತ್ತದೆ. ಹೊಸದಾಗಿ ಬಂದ ಜೀವಕೋಶಗಳಿಗೆ ಎಳೆತ ಗೊತ್ತೇ ಆಗುವುದಿಲ್ಲ. ಎಷ್ಟು ಕಟ್ಟಬೇಕು ಅನ್ನೋದಕ್ಕೆ ಅವುಗಳ ಬಳಿ ಅಳತೆಗೋಲು ಇರುವುದಿಲ್ಲ. ಇತ್ತ ಮ್ಯಾಕ್ರೋಫೇಜ್‌ಗಳು ಹೊರಗಿನ ವಸ್ತು ಇದೆ, ಕಟ್ಟಿ ಕಟ್ಟಿ ಅಂತ ಕೂಗುತ್ತಲೇ ಇರುತ್ತವೆ. ಗೋಡೆ ಒಳಗೆ ದಪ್ಪವಾಗುತ್ತಾ ಹೋಗುತ್ತದೆ.

ಪಾಲಿಮರ್ ಕರಗುತ್ತಿದ್ದ ಹಾಗೆ ಎರಡು ಸಂಗತಿ ಒಟ್ಟಿಗೆ ಆಗುತ್ತವೆ. ತಿನ್ನಲು ಏನೂ ಉಳಿಯದೆ ಮ್ಯಾಕ್ರೋಫೇಜ್‌ಗಳು ಜಾಗ ಖಾಲಿ ಮಾಡುತ್ತವೆ. ಕೂಗು ನಿಲ್ಲುತ್ತದೆ. ಇನ್ನೊಂದು ಕಡೆ ಭಾರ ಗೋಡೆಯ ಮೇಲೇ ಬೀಳುತ್ತದೆ. ಈಗ ಜೀವಕೋಶಗಳಿಗೆ ಎಳೆತ ಗೊತ್ತಾಗುತ್ತದೆ. ಅವಸರದಲ್ಲಿ ಕಟ್ಟಿದ ಹೆಚ್ಚುವರಿ ಸರಕನ್ನು ತೆಗೆದು, ಬೇಕಾದಷ್ಟನ್ನೇ ಉಳಿಸಿ, ಮೈಯ ಬೇರೆ ನಾಳಗಳ ಹಾಗೆ ತಮ್ಮ ಲೆಕ್ಕಕ್ಕೆ ತಾವೇ ಸರಿಮಾಡಿಕೊಳ್ಳುತ್ತವೆ.

ಇದು ಬರೀ ಲೆಕ್ಕ. ಕಂಪ್ಯೂಟರ್ ಹೇಳಿತು ಅಂತ ಮಗುವಿನ ಎದೆಯಲ್ಲಿ ಕಿರಿದಾದ ನಳಿಕೆ ಬಿಟ್ಟು ಕೂರಲು ಆಗುತ್ತದಾ? ಕುರಿಗಳಲ್ಲಿ ನೋಡಿದರು. ಎದೆಯ ಮಹಾಸಿರೆಯ ಒಂದು ತುಂಡು ತೆಗೆದು ಆ ಜಾಗಕ್ಕೆ ನಳಿಕೆ ಹೊಲಿದರು. ಆಮೇಲೆ ಸುಮ್ನೆ ಬಿಟ್ಟರು. ಬಲೂನು ಇಲ್ಲ, ಏನೂ ಇಲ್ಲ. ಸ್ಕ್ಯಾನು ಮಾತ್ರ.

ಆರು ವಾರದ ಹೊತ್ತಿಗೆ ನಳಿಕೆಗಳು ಬಹಳ ಕಿರಿದಾಗಿದ್ದವು. ಅಲ್ಲಿಗೆ ನಿಲ್ಲಿಸಿ ಕುರಿ ಕೊಯ್ದು ನೋಡಿದ್ದರೆ "ಪ್ರಯೋಗ ಸೋತಿತು" ಅಂತ ಬರೆಯಬೇಕಾಗುತ್ತಿತ್ತು. ಆರು ತಿಂಗಳಿಗೆ ಅವು ತೆರೆದುಕೊಂಡಿದ್ದವು. ಬಹುತೇಕ ಕುರಿಗಳು ನಡುವಿನ ದಿನಗಳನ್ನು ತೊಂದರೆಯಿಲ್ಲದೆ ಕಳೆದಿದ್ದವು. "ಬಹುತೇಕ" ಅನ್ನೋ ಮಾತು ಇಲ್ಲಿ ಮುಖ್ಯ. ಎಲ್ಲವೂ ಅಂತ ವರದಿಯೇ ಹೇಳಿಲ್ಲ. 2020ರಲ್ಲಿ ಪ್ರಕಟವಾದ ಆ ವರದಿಯಲ್ಲಿ ನಿಂತುಹೋದ ಪ್ರಯೋಗ, ಲೆಕ್ಕ, ಕುರಿ ಮೂರೂ ಒಂದೇ ಕಡೆ ಇವೆ. ಸೋತ ಪ್ರಯೋಗವನ್ನು ಮುಚ್ಚಿಡದೆ ಮೊದಲ ಭಾಗದಲ್ಲೇ ಇಟ್ಟದ್ದು ನನಗೆ ಹಿಡಿಸಿತು.

ನ್ಯಾನೋ ಎಳೆ ಏನು ಬದಲಿಸಿತು

ಎಲುಬಿನ ಮಜ್ಜೆ ತೆಗೆಯುವುದು, ಜೀವಕೋಶ ಬೇರ್ಪಡಿಸುವುದು ಎಲ್ಲ ಆಸ್ಪತ್ರೆಯಲ್ಲೂ ಆಗುವ ಕೆಲಸವಲ್ಲ. ಬಿತ್ತಿದ ಜೀವಕೋಶ ಹೇಗೂ ಕೆಲವೇ ದಿನ ಇರುವುದಾದರೆ, ಅದಿಲ್ಲದೆ ಹಂದರವನ್ನೇ ಚೆನ್ನಾಗಿ ಮಾಡಬಾರದೇಕೆ? ಪೆಟ್ಟಿಗೆ ಬಿಚ್ಚಿ ನೇರ ಹೊಲಿಯುವ ಹಾಗಿದ್ದರೆ? ನ್ಯಾನೋ ಎಳೆಯ ದಾರಿ ಇಲ್ಲಿ ಬಂದು ಸೇರುತ್ತದೆ.

ನ್ಯಾನೋ ಎಳೆ ತೆಗೆಯುವ ಎಲೆಕ್ಟ್ರೋಸ್ಪಿನ್ನಿಂಗ್ ಯಂತ್ರದ ಮುಂದೆ ನಿಂತರೆ ಮೊದಲು ನೆನಪಾಗುವುದು ಜಾತ್ರೆಯ ಬೊಂಬಾಯಿ ಮಿಠಾಯಿ. ಒಂದು ಸಿರಿಂಜು. ಅದರಲ್ಲಿ ಕರಗಿಸಿದ ಪಾಲಿಮರ್, ಜೇನುತುಪ್ಪದ ಹಾಗೆ ಮಂದ. ಒಂದು ಪುಟ್ಟ ಪಂಪು ಅದನ್ನು ಗಂಟೆಗೆ ಒಂದು ಮಿಲಿಲೀಟರಿನ ಆಸುಪಾಸಿನಲ್ಲಿ ತಳ್ಳುತ್ತದೆ. ಸೂಜಿಗೆ ಹತ್ತು ಇಪ್ಪತ್ತು ಸಾವಿರ ವೋಲ್ಟ್ ಕರೆಂಟು. ಒಂದು ಗೇಣು ದೂರದಲ್ಲಿ ತಿರುಗುವ ಸಲಾಕೆ. ಸೂಜಿಯ ತುದಿಯಲ್ಲಿ ಹನಿ ದುಂಡಗೆ ನಿಲ್ಲುವ ಬದಲು ಮೊನಚಾದ ಶಂಕುವಾಗುತ್ತದೆ. ಅದರ ತುದಿಯಿಂದ ಕಣ್ಣಿಗೆ ಕಾಣದ ಎಳೆ ಚಾಟಿಯ ಹಾಗೆ ಬೀಸಿಕೊಂಡು ಹಾರುತ್ತದೆ. ಹಾರುತ್ತಲೇ ಒಣಗಿ ಸಲಾಕೆಗೆ ಸುತ್ತಿಕೊಳ್ಳುತ್ತದೆ. ಮೊದಲ ಕೆಲವು ನಿಮಿಷ ಏನೂ ಕಾಣಿಸುವುದಿಲ್ಲ. ಆಮೇಲೆ ಸಲಾಕೆ ಬೂದಿ ಮುಸುಕಿದ ಹಾಗೆ ಬೆಳ್ಳಗಾಗುತ್ತದೆ. ಗಂಟೆಗಳು ಕಳೆದರೆ ಬಿಳಿ ನಳಿಕೆ. ಸಲಾಕೆಯಿಂದ ಕಾಲುಚೀಲ ಕಳಚುವ ಹಾಗೆ ಎಳೆದು ತೆಗೆಯಬಹುದು. ದ್ರಾವಣ ತೆಳುವಾದರೆ ಎಳೆಯ ನಡುನಡುವೆ ಮಣಿ ಕಟ್ಟುತ್ತದೆ. ಮಳೆಗಾಲದ ತೇವಕ್ಕೆ ನಿನ್ನೆ ಬಂದ ಎಳೆ ಇವತ್ತು ಬರುವುದಿಲ್ಲ.

ಕೂದಲಿನ ದಪ್ಪ ಸುಮಾರು 70 ಮೈಕ್ರಾನ್ ಅಂತ ಹಿಡಿದರೆ ಈ ಎಳೆ ಅದರ ನೂರನೇ ಒಂದು ಪಾಲು, ಕೆಲವು ಸಲ ಇನ್ನೂ ಸಣ್ಣ. ನಮ್ಮ ನಾಳದ ಗೋಡೆಯಲ್ಲಿರುವ ಕೊಲಾಜನ್ ಎಳೆಗಳೂ ಹೆಚ್ಚುಕಮ್ಮಿ ಇದೇ ಲೆಕ್ಕದವು. ಅದಕ್ಕೇ ಜೀವಕೋಶಗಳಿಗೆ ಇದು ತಮ್ಮ ಮನೆ ಅನ್ನಿಸುತ್ತದೆ, ಬೇಗ ಅಂಟಿಕೊಳ್ಳುತ್ತವೆ. ಆದರೆ ಎಳೆ ಸಣ್ಣದಾದಷ್ಟೂ ಕಿಂಡಿಯೂ ಸಣ್ಣದಾಗುತ್ತದೆ. ಹತ್ತು ಮೈಕ್ರಾನ್ ದಪ್ಪದ ಜೀವಕೋಶ ಒಂದು ಮೈಕ್ರಾನ್ ಕಿಂಡಿಯಲ್ಲಿ ಹೇಗೆ ನುಗ್ಗುತ್ತದೆ? ಮೇಲೆ ಚಾಪೆ ಹಾಸಿದ ಹಾಗೆ ಮಲಗುತ್ತದೆ, ಒಳಗೆ ಹೋಗುವುದಿಲ್ಲ. ಸಣ್ಣ ಎಳೆಯ ಜೊತೆ ದಪ್ಪ ಎಳೆ ಬೆರೆಸುವುದು, ಬೇಗ ಕರಗುವ ಎಳೆ ಸೇರಿಸಿ ಆಮೇಲೆ ದಾರಿ ತೆರೆಯುವ ಹಾಗೆ ಮಾಡುವುದು, ಹೀಗೆ ನಾನಾ ಉಪಾಯ ನಡೆದಿವೆ.

ಎಲೆಕ್ಟ್ರೋಸ್ಪಿನ್ನಿಂಗ್‌ನ ದೊಡ್ಡ ಅನುಕೂಲ ಅಂದ್ರೆ ಸಲಾಕೆಯ ಆಕಾರವೇ ನಳಿಕೆಯ ಆಕಾರ. ಕೊಲಂಬಸ್‌ನ ಒಂದು ಕಂಪನಿ ಮತ್ತು ಸರ್ಜನ್ನುಗಳು ಸೇರಿ ಕುರಿಯ ಮಹಾಸಿರೆಯ ಸ್ಕ್ಯಾನು ನೋಡಿ, ಅದೇ ಅಳತೆಯ ಸಲಾಕೆಯನ್ನು ತ್ರೀಡಿ ಪ್ರಿಂಟ್ ಮಾಡಿ, ಅದರ ಮೇಲೆ ನ್ಯಾನೋ ಎಳೆ ಸುತ್ತಿದರು. ಜೀವಕೋಶ ಬಿತ್ತಲಿಲ್ಲ. ಆರು ತಿಂಗಳ ಬಳಿಕ ಆ ನಾಳದ ಎಳೆತ, ಬಲ ಕುರಿಯ ಸ್ವಂತ ಸಿರೆಗೆ ಹತ್ತಿರವಿತ್ತು. 2017ರಲ್ಲಿ ಇದು ಪ್ರಕಟವಾಯಿತು. ಅದೇ ವರ್ಷ ಮಾಸ್ಕೋದ ಬಕುಲೆವ್ ಕೇಂದ್ರದಿಂದ ಇನ್ನೊಂದು ವರದಿ. ಅಲ್ಲಿ ಲಿಯೋ ಬೊಕೇರಿಯಾ ಅವರ ತಂಡ 4ರಿಂದ 12 ವರ್ಷದ ಐದು ಮಕ್ಕಳಿಗೆ ಜೀವಕೋಶವಿಲ್ಲದ, ಎಲೆಕ್ಟ್ರೋಸ್ಪಿನ್ನಿಂಗ್‌ನಲ್ಲಿ ಮಾಡಿದ ಕರಗುವ ಫೊಂಟಾನ್ ನಳಿಕೆ ಹಾಕಿತ್ತು.

ಕರಗುವ ವೇಗದ ಪ್ರಶ್ನೆ ಮಾತ್ರ ಹಾಗೇ ಇದೆ. ಎಲೆಕ್ಟ್ರೋಸ್ಪಿನ್ನಿಂಗ್‌ಗೆ ಬಹಳ ಜನ ಬಳಸುವ ಪಾಲಿಕ್ಯಾಪ್ರೊಲ್ಯಾಕ್ಟೋನ್ ಪೂರ್ತಿ ಕರಗಲು ಎರಡು ವರ್ಷಕ್ಕಿಂತ ಜಾಸ್ತಿ ಬೇಕು. ಇಲಿಗಳ ಅಪಧಮನಿಯಲ್ಲಿ ಅದನ್ನು ಹಾಕಿ 18 ತಿಂಗಳು ನೋಡಿದ ತಂಡಕ್ಕೆ ನಾಳ ತೆರೆದೇ ಇದ್ದದ್ದು ಕಂಡಿತು, ಆದರೆ ಗೋಡೆಯಲ್ಲಿ ಜೀವಕೋಶ ಕಮ್ಮಿಯಾಗಿ ಸುಣ್ಣ ಕಟ್ಟಿತ್ತು. ಸೆಂಟ್ರಿಂಗ್ ಬೇಗ ಬಿಚ್ಚಿದರೆ ಚಾವಣಿ ಬೀಳುತ್ತದೆ. ಬಿಚ್ಚದೇ ಬಿಟ್ಟರೆ ಗೋಡೆಗೆ ಭಾರ ಹೊರುವ ಅಭ್ಯಾಸವೇ ಆಗುವುದಿಲ್ಲ. ಹೃದಯದ ಬೈಪಾಸ್‌ಗೆ ಬೇಕಾದ ಮೂರು ನಾಲ್ಕು ಮಿಲಿಮೀಟರಿನ ಅಪಧಮನಿಗಳಿಗೆ ಈ ನಳಿಕೆ ಇನ್ನೂ ಹೋಗದೆ ಇರಲು ಇದೂ ಒಂದು ಕಾರಣ. ಅಲ್ಲಿ ಒತ್ತಡ ಹತ್ತು ಪಟ್ಟು, ದಾರಿ ಸಣ್ಣದು. "ಆರು ತಿಂಗಳಿಗೆ ತಾನೇ ತೆರೆಯುತ್ತದೆ" ಅಂತ ಕಾಯುವಷ್ಟು ಹೊತ್ತು ಹೃದಯದ ಸ್ನಾಯು ರಕ್ತವಿಲ್ಲದೆ ಇರುವುದಿಲ್ಲ. ಮಹಾಸಿರೆಗೆ ಹೊಂದುವ ತಾಳ್ಮೆ ಅಪಧಮನಿಗೆ ಹೊಂದುವುದಿಲ್ಲ.

ಬೇರೆ ದಾರಿ ಹಿಡಿದವರೂ ಇದ್ದಾರೆ. ಹ್ಯೂಮಸೈಟ್ ಕಂಪನಿ ಅದೇ ಪಿಜಿಎ ಹಂದರದ ಮೇಲೆ ಲ್ಯಾಬಿನಲ್ಲೇ ಮನುಷ್ಯರ ಜೀವಕೋಶ ಬೆಳೆಸಿ, ಹಂದರ ಕರಗಿದ ಮೇಲೆ ಜೀವಕೋಶವನ್ನೂ ತೊಳೆದು ತೆಗೆದು, ಬರೀ ಕೊಲಾಜನ್ ನಳಿಕೆ ಉಳಿಸುತ್ತದೆ. ಕಟ್ಟುವ ಗದ್ದಲವೆಲ್ಲ ಮೈಯ ಹೊರಗೇ ಮುಗಿದಿರುತ್ತದೆ. ಗಾಯದಲ್ಲಿ ಕೈಕಾಲಿನ ಅಪಧಮನಿ ಹರಿದವರಿಗೆ ಇದನ್ನು ಹಾಕಲು 2024ರ ಡಿಸೆಂಬರ್‌ನಲ್ಲಿ ಎಫ್‌ಡಿಎ ಅನುಮತಿ ಕೊಟ್ಟಿತು. ಆದರೆ ಅದು ಬೆಳೆಯುವ ಮಗುವಿನ ಪ್ರಶ್ನೆಗೆ ಉತ್ತರವಾಗಿ ಮಾಡಿದ್ದಲ್ಲ.

ಈಗ ಕಿರಿದಾದರೆ ಏನು ಮಾಡುತ್ತಾರೆ

2020ರ ವರದಿ ಡಾಕ್ಟರ ಕೈಗೆ ಒಂದು ಹೊಸ ಕಾರಣ ಕೊಟ್ಟಿತು. ಅದಕ್ಕೂ ಮೊದಲು ಸ್ಕ್ಯಾನಿನಲ್ಲಿ ಕಿರಿದಾಗಿದ್ದು ಕಂಡರೆ ಬಲೂನು, ಅಷ್ಟೇ. ಈಗ ಮೊದಲು ಮಗುವನ್ನು ನೋಡಬೇಕು. ಹೊಟ್ಟೆ ಊದಿದೆಯಾ, ಕಾಲು ಬಾತಿದೆಯಾ, ಪಿತ್ತಜನಕಾಂಗ ಕೈಗೆ ಸಿಗುತ್ತಿದೆಯಾ, ಊಟ ಮಾಡುತ್ತಿದೆಯಾ, ಆಟ ಆಡುತ್ತಿದೆಯಾ? ತೊಂದರೆಯ ಲಕ್ಷಣ ಇದ್ದರೆ ಬಲೂನು ಹಾಕಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಲಕ್ಷಣ ಇಲ್ಲದೆ, ನಳಿಕೆ ಹಾಕಿ ಕೆಲವೇ ತಿಂಗಳಾಗಿದ್ದರೆ, ಹತ್ತಿರದಿಂದ ಗಮನಿಸುತ್ತಾ ಕಾಯಬಹುದು ಅನ್ನೋದು ಆ ತಂಡದ ವಾದ. ಕಾಯುವುದು ಅಂದರೆ ಮನೆಗೆ ಕಳಿಸಿ ಮರೆಯುವುದಲ್ಲ. ಸ್ಕ್ಯಾನು ತಪ್ಪಿಸುವ ಹಾಗಿಲ್ಲ.

ಜೊತೆಗೆ, ಆ ಕಿರಿದಾಗುವ ಹಂತವನ್ನೇ ತಗ್ಗಿಸುವ ಕೆಲಸವೂ ನಡೆಯಿತು. ಇಲಿಗಳಲ್ಲಿ ಬಿತ್ತುವ ಜೀವಕೋಶದ ಪ್ರಮಾಣ ಜಾಸ್ತಿ ಮಾಡಿದಷ್ಟೂ ಕಿರಿದಾಗುವುದು ಕಮ್ಮಿಯಾಯಿತು. ಗೋಡೆ ದಪ್ಪವಾಗಲು ಕಾರಣವಾದ ಒಂದು ಸಂಕೇತವನ್ನು ಔಷಧಿಯಿಂದ ತಡೆದಾಗಲೂ ಕಮ್ಮಿಯಾಯಿತು. ಬಿಪಿಗೆ ಕೊಡುವ ಲೊಸಾರ್ಟಾನ್ ಮಾತ್ರೆಯನ್ನೂ ಇದಕ್ಕೆ ಪರೀಕ್ಷಿಸಿದ್ದಾರೆ. ಅಜ್ಜನ ಮಾತ್ರೆ ಡಬ್ಬಿಯಲ್ಲಿ ಇರುವಂಥದ್ದೇ ಅದು.

ಇನ್ನು ಆ ನಾಲ್ಕು ಮಕ್ಕಳಲ್ಲಿ ಮೂವರಿಗೆ ಹಾಕಿದ ಬಲೂನು ಬೇಕಿತ್ತಾ ಅನ್ನೋ ಪ್ರಶ್ನೆ. ಬಲೂನು ಹಾಕಿದ ಮೇಲೆ ಹಾಕದಿದ್ದರೆ ಏನಾಗುತ್ತಿತ್ತು ಅಂತ ನೋಡಲು ದಾರಿಯಿಲ್ಲ. ಕುರಿಗಳಲ್ಲಿ ಆರು ವಾರಕ್ಕೆ ಕಿರಿದಾಗಿ ಆರು ತಿಂಗಳಿಗೆ ತೆರೆದುಕೊಂಡದ್ದು ನಿಜ, ಆದರೆ ಕುರಿಗೆ ಎರಡು ಪಂಪು ಇರುತ್ತವೆ, ಈ ಮಕ್ಕಳಿಗೆ ಇದ್ದದ್ದು ಒಂದು.